ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲಾ!

(ಓಖ್ಲಾದಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಇಲ್ಲೇ ಓಖ್ಲಾದ ಒಂದು ಲ್ಯಾಬಿನಲ್ಲಿ 27 ವರ್ಷ ಬಯೋಕೆಮಿಸ್ಟ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಜನರ ರಕ್ತ, ಮೂತ್ರ ನೋಡಿಯೇ ನನ್ನ ಆಯಸ್ಸು ಕಳೆದಿದೆ. ಫೇಸ್ 1, ಫೇಸ್ 2ರ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು, ತರಕಾರಿ ಮಂಡಿಯ ವ್ಯಾಪಾರಿಗಳು, ಕಾಲ್ಕಾಜಿ ಕಡೆಯ ಪಿಂಚಣಿದಾರರು, ಎಲ್ಲರ ಬಾಟಲಿಗಳೂ ನನ್ನ ಮೇಜಿನ ಮೇಲೆ ಸಾಲಾಗಿ ನಿಂತಿವೆ. ಹಾರ್ಲಿಕ್ಸ್ ಬಾಟಲಿಯಲ್ಲಿ, ಕೆಮ್ಮಿನ ಸಿರಪ್ಪಿನ ಬಾಟಲಿಯಲ್ಲಿ, ಒಮ್ಮೆ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿಯಲ್ಲೂ ಬಂದಿದೆ. ಸಿರಪ್ಪಿನ ಬಾಟಲಿ ಸರಿಯಾಗಿ ತೊಳೆಯದೆ ತಂದ ಒಬ್ಬರಿಗೆ ಮೂತ್ರದಲ್ಲಿ ಸಕ್ಕರೆ ಬಂದು, ಅವರ ಮನೆಯಲ್ಲಿ ಮೂರು ದಿನ ಅಡುಗೆಯೇ ಆಗಿರಲಿಲ್ಲ.

ನಗಬೇಡಿ. ಇವತ್ತಿನ ವಿಷಯ ಆ ಬಾಟಲಿಯದೇ.

ನಾವೆಲ್ಲ ಕಾಲಿಂದಿ ಕುಂಜದ ಸೇತುವೆ ಮೇಲೆ ಹಾದು ಹೋದವರು. ದೀಪಾವಳಿ, ಛಠ್ ಹಬ್ಬದ ಹೊತ್ತಿಗೆ ಓಖ್ಲಾ ಬ್ಯಾರೇಜಿನ ಕೆಳಗೆ ಯಮುನೆಯ ಮೇಲೆ ಬಿಳೀ ನೊರೆ ಹತ್ತಿಯ ಗುಡ್ಡೆಯ ಹಾಗೆ ತೇಲುತ್ತದೆ. ಟಿವಿಯವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, "ಅಯ್ಯೋ ಯಮುನೆ ಹಾಳಾಯಿತು" ಅನ್ನುತ್ತಾರೆ. ನದಿ ಆ ದಿನ ಹಾಳಾದದ್ದಲ್ಲ ತಾನೇ? ಸಾಬೂನು, ಫಾಸ್ಫೇಟ್, ಚರಂಡಿ ನೀರು ವರ್ಷವಿಡೀ ಸೇರುತ್ತಲೇ ಇರುತ್ತದೆ. ಬ್ಯಾರೇಜಿನಿಂದ ಧುಮುಕಿದಾಗ ಕಡೆದ ಹಾಗಾಗಿ ನೊರೆ ಕಾಣುತ್ತದೆ, ಅಷ್ಟೇ. ಮೂತ್ರದಲ್ಲಿ ನೊರೆಯೂ ಹೀಗೆಯೇ. ಸಕ್ಕರೆ ಕಾಯಿಲೆ ಇರುವವರು "ಮೂತ್ರ ನೊರೆನೊರೆಯಾಗಿ ಹೋಗುತ್ತಿದೆ" ಎಂದು ಬರುವ ಹೊತ್ತಿಗೆ ಸಾಮಾನ್ಯವಾಗಿ ಪ್ರೋಟೀನ್ ಸೋರಿಕೆ ಶುರುವಾಗಿ ಬಹಳ ಕಾಲವಾಗಿರುತ್ತದೆ. ಕಾಲು ಊತ, ಮುಖ ಊತ, ಸುಸ್ತು, ವಾಕರಿಕೆ ಇವೆಲ್ಲ ಇನ್ನೂ ತಡವಾಗಿ ಬರುವ ಅತಿಥಿಗಳು.

ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಜರಡಿಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅವುಗಳಲ್ಲಿ ಸೋಸಿ ಹೋಗುತ್ತದೆ. ಅದರಲ್ಲಿ ಬಹುಪಾಲನ್ನು ದೇಹ ವಾಪಸ್ ತೆಗೆದುಕೊಂಡು, ಒಂದೂವರೆ ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಈ ಜರಡಿಯ ಮೇಲೆ ಒತ್ತಡ ಬೀಳುತ್ತದೆ, ಅದರ ಗೋಡೆ ದಪ್ಪವಾಗುತ್ತದೆ, ಕಣ್ಣುಗಳು ಸಡಿಲವಾಗುತ್ತವೆ. ಆಗ ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಜಾರುತ್ತದೆ. ಜರಡಿ ಹಾಳಾದಾಗ ನೋವಾಗುವುದಿಲ್ಲ. ನೋವಾಗಿದ್ದರೆ ನಾನಿವತ್ತು ಇಲ್ಲಿ ನಿಂತು ಮಾತಾಡುವ ಅಗತ್ಯವಿರಲಿಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಸಕ್ಕರೆ ಕಾಯಿಲೆಯವರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಒಂದಲ್ಲ ಒಂದು ಹಂತದಲ್ಲಿ ಮೂತ್ರಪಿಂಡಕ್ಕೆ ತೊಂದರೆ ಬರುತ್ತದೆ ಎಂಬುದು ಲೋಕಾನುಭವ. ಈ ಹಾಲಿನಲ್ಲಿ ಎಷ್ಟು ಜನ ಮಾತ್ರೆ ತಗೊಳ್ಳುತ್ತೀರಿ ಎಂದು ಕೈ ಎತ್ತಿಸುವುದಿಲ್ಲ, ಊಟಕ್ಕೆ ಹೋಳಿಗೆ ಇದೆ ಎಂದು ಗೊತ್ತು.

ಈಗ ನನ್ನ ಅಕ್ಕನ ವಿಷಯ. ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. "ಹೇಳೇ, ಯಾರಿಗಾದ್ರೂ ಉಪಯೋಗ ಆದ್ರೆ ಆಗ್ಲಿ, ಹೆಸರು ಮಾತ್ರ ಬೇಡ" ಅಂದಳು.

ಅಕ್ಕ ಇರುವುದು ಅರಸೀಕೆರೆಯಲ್ಲಿ. 49ನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಬಹಳ ಶಿಸ್ತಿನವಳು. ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸುವಳು, ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿ ಇಡುವಳು, ನನಗೆ ಫೋನ್ ಮಾಡಿ ಓದುವಳು. "ಕ್ರಿಯಾಟಿನಿನ್ ನಾರ್ಮಲ್ ಇದೆ ಕಣೇ" ಎಂದು ಅವಳು, "ಒಳ್ಳೇದಾಯ್ತು ಬಿಡು" ಎಂದು ನಾನು. 52ನೇ ವಯಸ್ಸಿನಲ್ಲಿ 0.7 ಇತ್ತು. ಆಮೇಲೆ 0.8. ಆಮೇಲೆ 0.9. 60ನೇ ವಯಸ್ಸಿನಲ್ಲಿ 1.1. ಲ್ಯಾಬಿನವರು ಪಕ್ಕದಲ್ಲಿ ಮುದ್ರಿಸುವ ಮಿತಿ 0.6ರಿಂದ 1.1 ಅಥವಾ 1.2ರವರೆಗೆ. ಒಂದು ಸಲವೂ ದಪ್ಪ ಅಕ್ಷರದಲ್ಲಿ ಬರಲಿಲ್ಲ, ಪಕ್ಕದಲ್ಲಿ ನಕ್ಷತ್ರ ಬೀಳಲಿಲ್ಲ.

ಅದೇ ವರ್ಷ ಮಗಳ ಸೀಮಂತಕ್ಕೆಂದು ದೆಹಲಿಗೆ ಬಂದಳು. ಕಣ್ಣು ಮಂಜು ಅಂದಳು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪಾಪೆಗೆ ಔಷಧ ಹಾಕಿ ಒಳಗಿನ ಪಟಲ ನೋಡಿ, "ಸಣ್ಣ ರಕ್ತನಾಳಗಳು ಅಲ್ಲಲ್ಲಿ ಒಡೆದಿವೆ. ಕಿಡ್ನಿ ನೋಡಿಸಿದ್ದೀರಾ?" ಎಂದು ಕೇಳಿದರು. ಅಕ್ಕ ತಕ್ಷಣ, "ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲಾ!" ಅಂದಳು. ಅವರು ನನ್ನ ಕಡೆ ತಿರುಗಿ, "ಮೂತ್ರದ ಆಲ್ಬುಮಿನ್?" ಅಂದರು.

ನಾನು ಸುಮ್ಮನೆ ನಿಂತೆ. ದಿನಕ್ಕೆ ಹತ್ತಾರು ಜನರ ಆಲ್ಬುಮಿನ್ ನೋಡುವವಳು, ಒಡಹುಟ್ಟಿದವಳಿಗೆ 11 ವರ್ಷದಲ್ಲಿ ಒಮ್ಮೆಯೂ ಮಾಡಿಸು ಅಂದಿರಲಿಲ್ಲ. ಅವಳನ್ನು ನೋಡುತ್ತಿದ್ದ ಡಾಕ್ಟರು ಬರೆದುಕೊಟ್ಟಿರಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆಯ ಮೊದಲ ಮೂತ್ರವನ್ನು ನಾನೇ ಲ್ಯಾಬಿಗೆ ಒಯ್ದು, ನನ್ನ ಕೈಯಾರೆ ಯಂತ್ರಕ್ಕೆ ಹಾಕಿದೆ. 640 ಬಂತು. ಯಂತ್ರದ ತಪ್ಪಿರಬಹುದು ಎಂದು ಇನ್ನೊಮ್ಮೆ ಓಡಿಸಿದೆ. ತಪ್ಪಿರಲಿಲ್ಲ.

ಈ ಅಂಕಿಗಳ ಅರ್ಥ ಏನು? ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ಕಾಫಿಗಿಂತ ಮುಖ್ಯ.

ಕ್ರಿಯಾಟಿನಿನ್ ಎನ್ನುವುದು ಮಾಂಸಖಂಡದಿಂದ ಬರುವ ಕಸ. ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ. ಕಸ ಕಡಿಮೆ ಹುಟ್ಟುವ ಮನೆಯಲ್ಲಿ ಪೊರಕೆ ಸವೆದಿದ್ದರೂ ಮನೆ ಚೊಕ್ಕಟವಾಗಿಯೇ ಕಾಣುತ್ತದಲ್ಲವೇ? ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಮಾಂಸಖಂಡ ಕಡಿಮೆ. ಆದ್ದರಿಂದ ಮೂತ್ರಪಿಂಡ ಸೋತಿದ್ದರೂ ಕ್ರಿಯಾಟಿನಿನ್ ಮರ್ಯಾದೆಯಾಗಿಯೇ ಕಾಣುತ್ತದೆ. ಇದಕ್ಕಾಗಿಯೇ ವಯಸ್ಸು ಮತ್ತು ಹೆಣ್ಣೋ ಗಂಡೋ ಎನ್ನುವುದನ್ನು ಸೇರಿಸಿ ಒಂದು ಲೆಕ್ಕ ಹಾಕುತ್ತಾರೆ, ಅದೇ ಇ-ಜಿಎಫ್‌ಆರ್. ಜರಡಿಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು. 90ರ ಮೇಲಿದ್ದರೆ ಚೆನ್ನ. ಮೂರು ತಿಂಗಳಿಗೂ ಹೆಚ್ಚು ಕಾಲ 60ರ ಕೆಳಗಿದ್ದರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. 15ರ ಕೆಳಗೆ ಹೋದರೆ ಡಯಾಲಿಸಿಸ್ ಅಥವಾ ಕಸಿಯ ಮಾತು.

ಈಗ ಅದೇ 1.1 ತೆಗೆದುಕೊಳ್ಳಿ. 30 ವರ್ಷದ ಹುಡುಗನಿಗೆ 1.1 ಇದ್ದರೆ ಇ-ಜಿಎಫ್‌ಆರ್ ಸುಮಾರು 92. 60 ವರ್ಷದ ಗಂಡಸಿಗೆ ಸುಮಾರು 77. 60 ವರ್ಷದ ನನ್ನ ಅಕ್ಕನಿಗೆ 57. ಒಂದೇ ಅಂಕಿ, ಮೂರು ಹಣೆಬರಹ. 52ರಲ್ಲಿ 0.7 ಇದ್ದಾಗ ಅವಳ ಇ-ಜಿಎಫ್‌ಆರ್ 104ರ ಆಸುಪಾಸಿನಲ್ಲಿತ್ತು. ಅಂದರೆ ಎಂಟು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಶಕ್ತಿ ಹೋಗಿತ್ತು, ರಿಪೋರ್ಟಿನಲ್ಲಿ ಎಂಟೂ ವರ್ಷ "ನಾರ್ಮಲ್". ವಯಸ್ಸಾದಂತೆ ವರ್ಷಕ್ಕೆ ಒಂದರಷ್ಟು ಇಳಿಯುವುದು ಸಹಜ. ಅವಳದು ವರ್ಷಕ್ಕೆ ಆರರಂತೆ ಇಳಿದಿತ್ತು. ವರ್ಷಕ್ಕೆ ಐದಕ್ಕಿಂತ ಹೆಚ್ಚು ಇಳಿದರೆ ಅದು ಓಟ, ನಡಿಗೆಯಲ್ಲ. ಪ್ಲಾಸ್ಟಿಕ್ ಕವರಿನೊಳಗೆ ಎಲ್ಲವೂ ಇತ್ತು, ಪಕ್ಕಪಕ್ಕ ಇಟ್ಟು ನೋಡಿದವರಿಲ್ಲ.

ಇನ್ನು ಆ 640. ಇದು ಎಸಿಆರ್ ಎಂಬ ಪರೀಕ್ಷೆ, ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಆಲ್ಬುಮಿನ್ ಇದೆ ಎಂಬ ಅನುಪಾತ. ಅನುಪಾತ ಯಾಕೆ ಅಂದರೆ, ಒಬ್ಬರು ಎರಡು ಲೋಟ ನೀರು ಕುಡಿದು ಬಂದಿರುತ್ತಾರೆ, ಇನ್ನೊಬ್ಬರು ಬಸ್ಸಿನಲ್ಲಿ ಬಾತ್‌ರೂಮಿಗೆ ಹೋಗಲು ಅಂಜಿ ನೀರೇ ಕುಡಿದಿರುವುದಿಲ್ಲ. ಸಾರಿಗೆ ನೀರು ಬೆರೆಸಿದರೆ ಉಪ್ಪೂ ಹುಳಿಯೂ ಒಟ್ಟಿಗೇ ತೆಳ್ಳಗಾಗುತ್ತವೆ, ಆದರೆ ಉಪ್ಪಿಗೆ ಹುಳಿ ಎಷ್ಟು ಎಂಬ ಪ್ರಮಾಣ ಬದಲಾಗುವುದಿಲ್ಲ. ಹಾಗೆ. 30ರ ಕೆಳಗಿದ್ದರೆ ಸರಿ. 30ರಿಂದ 300 ಎಚ್ಚರಿಕೆಯ ಗಂಟೆ. 300ರ ಮೇಲೆ ಗಂಭೀರ.

ಇಲ್ಲಿ ಒಂದು ಮೋಸವಿದೆ. ಸಾಮಾನ್ಯ ಮೂತ್ರ ಪರೀಕ್ಷೆಯ ರಿಪೋರ್ಟಿನಲ್ಲಿ "ಆಲ್ಬುಮಿನ್: ನಿಲ್" ಎಂದು ಬರೆದಿರುತ್ತದೆ. ಬಣ್ಣದ ಪಟ್ಟಿ ಅದ್ದಿ ನೋಡುವ ಆ ಪರೀಕ್ಷೆಗೆ ಸಣ್ಣ ಸೋರಿಕೆ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. "ನಿಲ್" ಅಂದರೆ ಪಟ್ಟಿಗೆ ಕಾಣಲಿಲ್ಲ ಎಂದಷ್ಟೇ. ಎಸಿಆರ್ ಬೇರೆ, ಅದನ್ನು ಹೆಸರು ಹೇಳಿ ಕೇಳಬೇಕು. ಕೆಲವು ನೂರು ರೂಪಾಯಿ ಆಗುತ್ತದೆ. ನಾವು ಒಂದು ಬ್ಲೌಸಿನ ಹೊಲಿಗೆಗೆ ಕೊಡುವಷ್ಟು.

ಒಂದೇ ಸಲ ಹೆಚ್ಚು ಬಂದರೆ ಹೆದರಬೇಡಿ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಜೋರಾದ ವ್ಯಾಯಾಮ, ಮುಟ್ಟಿನ ದಿನಗಳು, ಸಕ್ಕರೆ ಅಥವಾ ಬಿಪಿ ವಿಪರೀತ ಏರಿದ್ದರೂ ಆಲ್ಬುಮಿನ್ ತಾತ್ಕಾಲಿಕವಾಗಿ ಏರುತ್ತದೆ. ಅದಕ್ಕೇ ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡು ಸಲವಾದರೂ ಹೆಚ್ಚಿದ್ದರೆ ಮಾತ್ರ ಖಚಿತ ಎನ್ನುತ್ತಾರೆ. ಹಾಗೆಯೇ ಎಸಿಆರ್ ಸರಿಯಿದ್ದರೂ ಇ-ಜಿಎಫ್‌ಆರ್ ಇಳಿಯುತ್ತಿರುವ ಸಕ್ಕರೆ ಕಾಯಿಲೆಯವರೂ ಕಡಿಮೆಯೇನಿಲ್ಲ. ಆದ್ದರಿಂದ ಒಂದು ರಕ್ತ, ಒಂದು ಮೂತ್ರ, ಎರಡೂ ಬೇಕು. ದೊಡ್ಡವರಲ್ಲಿ ಸಾಮಾನ್ಯವಾಗಿ ಬರುವ ಟೈಪ್ 2 ಆದರೆ ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ. ಯಾಕೆಂದರೆ ಅದು ಗೊತ್ತಾಗುವ ಮೊದಲೇ ವರ್ಷಗಟ್ಟಲೆ ಒಳಗೆ ಇದ್ದಿರುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಆದರೆ ಐದು ವರ್ಷದ ನಂತರ ಶುರು. ಬಸುರಿನಲ್ಲಿ ಸಕ್ಕರೆ ಬಂದು ಹೆರಿಗೆಯಾದ ಮೇಲೆ ಹೋಯಿತು ಎನ್ನುವವರು ಸಕ್ಕರೆಯ ಪರೀಕ್ಷೆಯನ್ನಾದರೂ ಬಿಡಬೇಡಿ, ಅದು ತಿರುಗಿ ಬರುವ ಸಂಭವ ಹೆಚ್ಚು.

ಸಕ್ಕರೆ ಕಾಯಿಲೆಯವರಿಗೆ ಬರುವ ಮೂತ್ರಪಿಂಡದ ಕಾಯಿಲೆಯೆಲ್ಲ ಸಕ್ಕರೆಯಿಂದಲೇ ಬಂದದ್ದೂ ಅಲ್ಲ. ಕಣ್ಣಿನ ಪಟಲ ಚೆನ್ನಾಗಿದ್ದು, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಕೆಲವೇ ವಾರದಲ್ಲಿ ಅಂಕಿ ಜಿಗಿದರೆ ಡಾಕ್ಟರು ಬೇರೆ ಕಾರಣ ಹುಡುಕುತ್ತಾರೆ, ಕೆಲವೊಮ್ಮೆ ಬಯಾಪ್ಸಿ ಮಾಡುತ್ತಾರೆ. ಅದು ಅವರ ಕ್ಷೇತ್ರ, ನಾನು ಕೈ ಹಾಕುವುದಿಲ್ಲ.

ಮುಂದೆ ಏನಾಗುತ್ತದೆ ಎಂದು ಮೊದಲೇ ಹೇಳಬಹುದೇ? ಇದು ನನಗೆ ಬಹಳ ಇಷ್ಟದ ಭಾಗ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಹ್ಯಾರಿ ಕೀನ್ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿ 1963ರಲ್ಲಿ ಬಹಳ ಸೂಕ್ಷ್ಮ ಪ್ರಮಾಣದ ಆಲ್ಬುಮಿನ್ ಅಳೆಯುವ ವಿಧಾನ ತಂದರು. 1980ರ ದಶಕದಲ್ಲಿ ಅದೇ ಬಳಗದವರೂ ಡೆನ್ಮಾರ್ಕಿನ ಮೊಗೆನ್ಸೆನ್ ಅವರೂ ಆ ಸಣ್ಣ ಸೋರಿಕೆ ಇದ್ದವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಇವರಿಗೇ ಮುಂದೆ ದೊಡ್ಡ ಕಾಯಿಲೆ ಬರುವುದು ಹೆಚ್ಚು ಎಂದು ತೋರಿಸಿದರು. ಪಟ್ಟಿಗೆ ಕಾಣದ ಸೋರಿಕೆ ಭವಿಷ್ಯ ಹೇಳಿತು, ಪಂಚಾಂಗ ಬೇಕಾಗಲಿಲ್ಲ.

2011ರಲ್ಲಿ ಕೆನಡಾದ ನವ್‌ದೀಪ್ ತಾಂಗ್ರಿ ಮತ್ತವರ ತಂಡದವರು ಒಂದು ಸೂತ್ರ ಪ್ರಕಟಿಸಿದರು. ವಯಸ್ಸು, ಹೆಣ್ಣೋ ಗಂಡೋ, ಇ-ಜಿಎಫ್‌ಆರ್, ಎಸಿಆರ್, ನಾಲ್ಕೇ ಅಂಶ. ಇ-ಜಿಎಫ್‌ಆರ್ 60ರ ಕೆಳಗೆ ಬಂದವರಿಗೆ ಇನ್ನು ಎರಡು ಅಥವಾ ಐದು ವರ್ಷದಲ್ಲಿ ಡಯಾಲಿಸಿಸ್ ಬೇಕಾಗುವ ಸಂಭವ ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. ನಂತರ 30ಕ್ಕೂ ಹೆಚ್ಚು ದೇಶಗಳ ಜನರ ಮಾಹಿತಿಯ ಮೇಲೆ ಅದನ್ನು ಪರೀಕ್ಷಿಸಿದ್ದಾರೆ. ಕುತೂಹಲಕ್ಕೆ ನಾನೇ ಲೆಕ್ಕ ಹಾಕಿದೆ. 65 ವರ್ಷದ ಹೆಂಗಸು, ಇ-ಜಿಎಫ್‌ಆರ್ 38, ಎಸಿಆರ್ 640 ಇದ್ದರೆ ಐದು ವರ್ಷದಲ್ಲಿ ಸುಮಾರು ಶೇ. 9. ಅದೇ ಹೆಂಗಸು, ಅದೇ 38, ಆದರೆ ಎಸಿಆರ್ 60 ಇದ್ದರೆ ಸುಮಾರು ಶೇ. 3. ಮೂತ್ರದ ಆ ಒಂದು ಬಾಟಲಿ ಇಲ್ಲದಿದ್ದರೆ ಇವರಿಬ್ಬರೂ ಡಾಕ್ಟರ ಮೇಜಿನ ಮೇಲೆ ಒಂದೇ.

ಈಗ ಕಣ್ಣಿನ ಪಟಲದ ಫೋಟೋ ನೋಡಿ ಮೂತ್ರಪಿಂಡದ ಕಾಯಿಲೆ ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಪ್ರಯತ್ನಗಳು ಸಿಂಗಪುರದಲ್ಲಿ, ಚೀನಾದಲ್ಲಿ ನಡೆದಿವೆ. ನನ್ನ ಅಕ್ಕನ ಕಣ್ಣಿನ ಡಾಕ್ಟರು ಯಂತ್ರವಿಲ್ಲದೆಯೇ ಅದನ್ನು ಮಾಡಿದರು ಅನ್ನಿ. ನಮ್ಮ ಫೇಸ್ 3ರಲ್ಲೇ ಐಐಐಟಿ ದೆಹಲಿ ಇದೆ, ಅಲ್ಲಿ ಜೀವಶಾಸ್ತ್ರಕ್ಕೂ ಕಂಪ್ಯೂಟರಿಗೂ ನಂಟು ಹಾಕುವ ವಿಭಾಗವೇ ಇದೆ. ಅಂಥ ಕಡೆ ಓದುತ್ತಿರುವ ನಮ್ಮವರ ಮಕ್ಕಳು ಸಿಕ್ಕಾಗ ಎಐ ಬಗ್ಗೆ ಉತ್ಸಾಹದಿಂದ ಹೇಳುತ್ತಾರೆ. ನಾನು ಅವರಿಗೆ ಹೇಳುವುದಿಷ್ಟು: ಕಂಪ್ಯೂಟರ್ ಕಲಿಯುವುದು ಬರೆದಿಟ್ಟ ಅಂಕಿಗಳಿಂದ ತಾನೇ? ನಮ್ಮ ಹೆಂಗಸರ ಎಸಿಆರ್ ಯಾರೂ ಅಳೆದೇ ಇಲ್ಲದಿದ್ದರೆ ಅದು ಯಾರಿಂದ ಕಲಿಯಬೇಕಪ್ಪಾ?

ಮೊದಲೇ ಗೊತ್ತಾದರೆ ಏನು ಪ್ರಯೋಜನ ಎಂದು ಕೇಳಬಹುದು. 25 ವರ್ಷದ ಹಿಂದೆ ಈ ಪ್ರಶ್ನೆಗೆ ಉತ್ತರ ಸಣ್ಣದಿತ್ತು. 2001ರಲ್ಲಿ ಲೊಸಾರ್ಟಾನ್ ಥರದ ಬಿಪಿ ಮಾತ್ರೆಗಳು ಮೂತ್ರಪಿಂಡದ ಇಳಿತವನ್ನು ನಿಧಾನಿಸುತ್ತವೆ ಎಂದು ದೊಡ್ಡ ಅಧ್ಯಯನಗಳು ತೋರಿಸಿದವು. 2019, 2020ರಲ್ಲಿ ಹೆಸರಿನ ಕೊನೆಗೆ "ಗ್ಲಿಫ್ಲೋಜಿನ್" ಎಂದು ಬರುವ ಮಾತ್ರೆಗಳ ಸರದಿ. ಡಾಪಾಗ್ಲಿಫ್ಲೋಜಿನ್ ಮೇಲಿನ ಪೇಟೆಂಟ್ ನಮ್ಮಲ್ಲಿ 2020ರಲ್ಲಿ ಮುಗಿದ ಮೇಲೆ ಬೆಲೆ ಬಹಳ ಇಳಿಯಿತು. ನಂತರ ಫಿನೆರೆನೋನ್, 2024ರಲ್ಲಿ ಸೆಮಾಗ್ಲುಟೈಡ್. ಯಾವುದು ಯಾರಿಗೆ ಎಂದು ಡಾಕ್ಟರೇ ಹೇಳಬೇಕು, ಪಕ್ಕದ ಮನೆಯವರ ಚೀಟಿ ನೋಡಿ ಅಂಗಡಿಗೆ ಹೋಗಬೇಡಿ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದುಂಟು. ಗಾಬರಿಯಾಗಿ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಗ್ಲಿಫ್ಲೋಜಿನ್ ಮಾತ್ರೆಯಿಂದ ಹೆಂಗಸರಿಗೆ ಕೆಳಗೆ ತುರಿಕೆ, ಫಂಗಸ್ ಸೋಂಕು ಆಗಬಹುದು. ನಾಚಿಕೊಂಡು ಮಾತ್ರೆಯನ್ನೇ ಬಿಟ್ಟುಬಿಟ್ಟವರನ್ನು ನಾನು ಬಲ್ಲೆ. ಅದಕ್ಕೆ ಸುಲಭದ ಔಷಧವಿದೆ, ಬಾಯಿಬಿಟ್ಟು ಹೇಳಬೇಕು. ಏಕಾದಶಿ, ಸೋಮವಾರ ಎಂದು ನಿರಾಹಾರ ಉಪವಾಸ ಮಾಡುವವರು, ವಾಂತಿ ಭೇದಿ ಆದವರು, ಆ ದಿನ ಈ ಮಾತ್ರೆ ತಗೊಳ್ಳಬೇಕೇ ಬೇಡವೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಇದು ಅಪಾಯದ ಮಾತು, ತಮಾಷೆಯಲ್ಲ.

ಅಡುಗೆಮನೆಗೆ ಬರೋಣ. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಶತ್ರು. ಬಿಪಿಗೆ ಒಳ್ಳೆಯದೆಂದು ತರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಸೋತವರಿಗೆ, ಟೆಲ್ಮಿಸಾರ್ಟಾನ್ ತಗೊಳ್ಳುವವರಿಗೆ ಅದು ಆಗದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಗ್ಗೆ ನಾನು ಹೇಳಿದರೆ ಯಾರೂ ಕೇಳುವುದಿಲ್ಲ, ಬಿಟ್ಟೆ. ಆದರೆ ಮಂಗಳೂರಿನ ಕಡೆಯವರೇ, ಸಕ್ಕರೆ ಇಳಿಯುತ್ತದೆ, ಕೊಬ್ಬು ಕರಗುತ್ತದೆ ಎಂದು ಬಿಂಬುಳಿ ರಸವನ್ನು ಲೋಟಗಟ್ಟಲೆ ಕುಡಿಯಬೇಡಿ. ಹಾಗೆ ಕುಡಿದು ಮೂತ್ರಪಿಂಡ ಏಕಾಏಕಿ ಕೆಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಚಟ್ನಿಗೆ ಎರಡು ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ನಮ್ಮ ಬಿಲ್ಡಿಂಗಿನ ಒಬ್ಬ ಹಿರಿಯರು ಹಾಗಲಕಾಯಿ ರಸದ ಮಹಿಮೆ ಸಾರುತ್ತಿದ್ದರು. "ಇನ್ಸುಲಿನ್ ಅರ್ಧಕ್ಕೆ ಇಳಿಸಿದೆ ನೋಡಿ, ಆದರೂ ಶುಗರ್ ಏರುತ್ತಿಲ್ಲ!" ಮೂತ್ರಪಿಂಡ ಸೋತಾಗ ಇನ್ಸುಲಿನ್ ದೇಹದಿಂದ ಬೇಗ ಹೊರಹೋಗದೆ ಉಳಿಯುತ್ತದೆ, ಹಾಗಾಗಿ ಸಕ್ಕರೆ ತಾನಾಗಿ ಇಳಿಯುತ್ತದೆ. ಕಾರಣವಿಲ್ಲದೆ ಸಕ್ಕರೆ ಇಳಿಯತೊಡಗಿದರೆ ಸಿಹಿ ಹಂಚುವ ಮೊದಲು ಲ್ಯಾಬಿಗೆ ಹೋಗಬೇಕು. ಅವರಿಗೆ ಗೊತ್ತಾದಾಗ ಇ-ಜಿಎಫ್‌ಆರ್ 19 ಆಗಿತ್ತು.

ಹೆಂಗಸರ ವೇದಿಕೆಯಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ: ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ನಮ್ಮ ದೇಶದಲ್ಲಿ ನಡೆದ 36,640 ಅಂಗಾಂಗ ಕಸಿಗಳಲ್ಲಿ 29,000ಕ್ಕೂ ಹೆಚ್ಚು ಗಂಡಸರಿಗೆ, 6,945 ಹೆಂಗಸರಿಗೆ. ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಮಾತ್ರ ಹೆಂಗಸರೇ ಹೆಚ್ಚು. ಕೊಡಲು ಮುಂದೆ, ಪಡೆಯಲು ಹಿಂದೆ. ಪರೀಕ್ಷೆಯ ಸಾಲಿನಲ್ಲೂ ನಾನು ಇದನ್ನೇ ಕಂಡಿದ್ದೇನೆ. ಗಂಡನ ಬಾಟಲಿ ಹಿಡಿದು ಬರುವ ಹೆಂಡತಿಯನ್ನು "ನಿಮ್ಮದು?" ಎಂದರೆ, "ನನಗೇನಾಗಿದೆ?" ಅನ್ನುವಳು. ಚೀಟಿ ನೋಡಿದರೆ ಅವಳಿಗೂ ಸಕ್ಕರೆ ಇರುತ್ತದೆ.

ಅಕ್ಕನಿಗೆ ಎರಡನೆಯ, ಮೂರನೆಯ ಎಸಿಆರ್ ಕೂಡ 500ರ ಮೇಲೆಯೇ ಬಂತು. ಮಾತ್ರೆ ಬದಲಾಯಿತು, ಉಪ್ಪು ಇಳಿಯಿತು, ಭಾವ ಬೆಳಗಿನ ವಾಕಿಂಗಿಗೆ ಜೊತೆಯಾದರು. ಈಗ ಅವಳಿಗೆ 65. ಹೋದ ತಿಂಗಳ ರಿಪೋರ್ಟಿನಲ್ಲಿ ಇ-ಜಿಎಫ್‌ಆರ್ 49, ಎಸಿಆರ್ 110. ಹೋದದ್ದು ತಿರುಗಿ ಬರಲಿಲ್ಲ. ವರ್ಷಕ್ಕೆ ಆರರಂತೆ ಇಳಿಯುತ್ತಿದ್ದದ್ದು ಈಗ ಎರಡಕ್ಕೂ ಕಡಿಮೆ. ಐದು ವರ್ಷ ಮೊದಲೇ ನೋಡಿದ್ದರೆ ಎಷ್ಟು ಉಳಿಯುತ್ತಿತ್ತು ಎಂಬ ಲೆಕ್ಕ ನನಗೆ ಬರುತ್ತದೆ, ಹಾಕಲು ಮನಸ್ಸಾಗುವುದಿಲ್ಲ.

ಹಿಂದಿನ ಮೇಜಿನ ಮೇಲೆ 50 ಸ್ವಚ್ಛ ಡಬ್ಬಿಗಳನ್ನು ಇಟ್ಟಿದ್ದೇನೆ, ಮುಚ್ಚಳದ ಮೇಲೆ ಹೆಸರು ಬರೆಯಲು ಪಟ್ಟಿಯೂ ಇದೆ. ಸಕ್ಕರೆ ಇರುವವರು ಒಂದೊಂದು ತಗೊಂಡು ಹೋಗಿ. ನಾಳೆ ಬೆಳಿಗ್ಗೆ ಎದ್ದ ತಕ್ಷಣದ್ದು, ಮೊದಲ ಸ್ವಲ್ಪ ಬಿಟ್ಟು ನಡುವಿನದು, ನಿಮ್ಮ ಹತ್ತಿರದ ಲ್ಯಾಬಿಗೆ. ರಿಪೋರ್ಟ್ ಬಂದ ಮೇಲೆ ಹಳೆಯ ರಿಪೋರ್ಟುಗಳನ್ನೂ ಜೊತೆಗಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ. ಉಪ್ಪಿನಕಾಯಿ ಬಾಟಲಿ ಬೇಡ, ದಯವಿಟ್ಟು. ಪ್ರಶ್ನೆಗಳಿದ್ದರೆ ಕೇಳಿ, ಕಾಫಿ ಬರುವವರೆಗೆ ಇಲ್ಲೇ ಇರುತ್ತೇನೆ.